ಮರದ ಮೊಟ್ಟೆಗೆ ಕಾವು ಕೊಟ್ಟವರು

ಈ ಸಭೆಯ ಅಧ್ಯಕ್ಷರೂ ನಮ್ಮ ರಣಹದ್ದು ಸಂವರ್ಧನಾ ಕೇಂದ್ರದ ನಿರ್ದೇಶಕರೂ ಆದ ಡಾಕ್ಟರ್ ಮೇಡಂ ಅವರೇ, ಬೆಳಗಿನಿಂದ ಬಿಸಿಲಲ್ಲಿ ಪಂಜರಗಳನ್ನೆಲ್ಲ ಸುತ್ತಿ ದಣಿದಿರುವ ಮುಖ್ಯ ಅತಿಥಿಗಳೇ, ಮಾಂಸ ಕೊಯ್ಯುವ, ಪಂಜರ ತೊಳೆಯುವ, ಮೊಟ್ಟೆ ಕಾಯುವ ನನ್ನ ಸಹೋದ್ಯೋಗಿಗಳೇ, ನಾನು ಏನು ಎಡವಟ್ಟು ಮಾತಾಡುತ್ತೇನೋ ಎಂದು ಮುಂದಿನ ಸಾಲಿನಲ್ಲಿ ಕೈಚೀಲದ ಹಿಡಿಯನ್ನು ಈಗಲೇ ಹಿಂಡುತ್ತಿರುವ ನನ್ನ ಮನೆಯವರೇ, ಸಭಿಕರೇ,

ನಾನು ಬಡಗಿ. ಇಪ್ಪತ್ತಾರು ವರ್ಷ ಈ ಕೇಂದ್ರದಲ್ಲಿ ನನ್ನ ಪರವಾಗಿ ಉಳಿ, ಸುತ್ತಿಗೆಗಳೇ ಮಾತಾಡಿವೆ. ಇವತ್ತು ನನ್ನ ಬೀಳ್ಕೊಡುಗೆ, ನಾನೇ ಮಾತಾಡಬೇಕಂತೆ. ನಮ್ಮ ಗುಮಾಸ್ತರು ಪಾಪ ಕಷ್ಟಪಟ್ಟು ನಾಲ್ಕು ಪುಟದ ಭಾಷಣ ಬರೆದುಕೊಟ್ಟಿದ್ದಾರೆ. ಮೊದಲ ಪುಟದಲ್ಲೇ 'ಪರಿಸರ ಸಮತೋಲನ' ಅನ್ನುವ ಮಾತು ಐದು ಸಲ ಬಂದಿದೆ. ಕನ್ನಡಕ ಮರೆತುಬಂದೆ ಎಂದು ನೆಪ ಹೇಳಿ ತಪ್ಪಿಸಿಕೊಳ್ಳೋಣ ಅಂದುಕೊಂಡಿದ್ದೆ. ಅಗೋ, ನನ್ನಾಕೆ ಚೀಲದಿಂದ ಕನ್ನಡಕ ತೆಗೆದು ಎತ್ತಿ ತೋರಿಸುತ್ತಿದ್ದಾಳೆ. ಇರಲಿ ಬಿಡೇ, ಒಳಗಿಡು. ಬೆಳಗ್ಗೆ ಹೊರಡುವಾಗಲೇ ಅವಳು ಹೇಳಿದ್ದಳು: "ಬರೆದುಕೊಟ್ಟಿದ್ದನ್ನ ಓದಿ ಇಳಿದುಬನ್ನಿ. ಹಳೇದನ್ನೆಲ್ಲ ಕೆದಕೋಕೆ ಹೋಗ್ಬೇಡಿ." ನಾನು ಹೂಂ ಅಂದಿದ್ದೆ. ಮೂವತ್ತು ವರ್ಷದಲ್ಲಿ ನಾನು ಹೂಂ ಅಂದು ಮಾಡದೆ ಬಿಟ್ಟ ಕೆಲಸ ಇದೇ ಮೊದಲನೆಯದೇನಲ್ಲ.

ಕೆದಕಲೇಬೇಕಾಗಿದೆ. ಯಾಕೆಂದರೆ ಈಗ ಹತ್ತು ನಿಮಿಷದ ಹಿಂದೆ ಮೇಡಂ ತಮ್ಮ ಮಾತಿನಲ್ಲಿ, ಪ್ರತಿ ವಾರ್ಷಿಕೋತ್ಸವದಲ್ಲಿ ಹೇಳುವಂತೆ, ಇವತ್ತೂ ಹೇಳಿದರು: "ಹದಿನೇಳು ವರ್ಷದ ಹಿಂದೆ ನಾನೊಂದು ದೊಡ್ಡ ತಪ್ಪು ಮಾಡಿದೆ. ಈ ಕೇಂದ್ರ ಕಲಿತ ಅತಿ ದೊಡ್ಡ ಪಾಠ ಆ ತಪ್ಪಿನಿಂದಲೇ ಬಂತು." ನೀವೆಲ್ಲ ಚಪ್ಪಾಳೆ ತಟ್ಟಿದಿರಿ. ಇಷ್ಟು ವರ್ಷ ನಾನೂ ತಟ್ಟಿದ್ದೇನೆ. ಇವತ್ತು ನನ್ನ ಕೈ ಏಳಲಿಲ್ಲ. ಆ ತಪ್ಪಿನ ವಿಷಯದಲ್ಲಿ ಮೇಡಂಗೆ ಹೇಳಬೇಕಾದ ಒಂದು ಮಾತು ನನ್ನ ಹತ್ತಿರ ಉಳಿದುಹೋಗಿದೆ. ಅದನ್ನು ಹೇಳದೆ ಈ ಗೇಟು ದಾಟಿದರೆ ಮನೆಯಲ್ಲಿ ನನಗೆ ಊಟ ಸೇರುವುದಿಲ್ಲ. ಹೇಳುತ್ತೇನೆ. ಆದರೆ ಅತಿಥಿಗಳಿಗೆ ಇಲ್ಲಿಯ ಕೆಲಸ ಗೊತ್ತಿಲ್ಲ, ಹಾಗಾಗಿ ಬುಡದಿಂದ ಬರುತ್ತೇನೆ.

ನಾನು ಚಿಕ್ಕವನಾಗಿದ್ದಾಗ ಆಕಾಶ ನೋಡಿದರೆ ರಣಹದ್ದು ಇರುತ್ತಿತ್ತು. ಸತ್ತ ದನವನ್ನು ಊರಾಚೆ ಹಾಕಿದರೆ ಸಂಜೆಯೊಳಗೆ ಮೂಳೆ ಮಾತ್ರ. ನಾನು ಮದುವೆಯಾದ ಹೊಸತರಲ್ಲೇ ಅವು ಕಾಣೆಯಾದವು. ದನಗಳಿಗೆ ನೋವಿಗೆಂದು ಚುಚ್ಚುತ್ತಿದ್ದ ಔಷಧಿ ಹೆಣದಲ್ಲಿ ಉಳಿದು, ಅದನ್ನು ತಿಂದ ಹಕ್ಕಿಗಳ ಮೂತ್ರಪಿಂಡ ಕೆಟ್ಟು, ಮರದ ಮೇಲೆ ಕುಳಿತಲ್ಲೇ ತಲೆ ಜೋತುಹಾಕಿ ಸತ್ತವು. ಊರು ನಾರಿದಾಗಲೇ ಅವುಗಳ ಬೆಲೆ ನಮಗೆ ತಿಳಿದದ್ದು. ಉಳಿದ ನಾಲ್ಕಾರನ್ನು ತಂದು ಇಲ್ಲಿ ಸಾಕಿ, ಮರಿ ಮಾಡಿಸಿ, ಔಷಧಿ ನಿಂತ ಕಡೆ ಹೊರಗೆ ಬಿಡುವುದೇ ನಮ್ಮ ಕೆಲಸ. ತೊಂದರೆ ಏನೆಂದರೆ, ಈ ಹಕ್ಕಿ ವರ್ಷಕ್ಕೆ ಒಂದೇ ಮೊಟ್ಟೆ ಇಡುತ್ತದೆ. ಒಂದು! ಕೋಳಿಯ ಹಾಗೆ ಧಾರಾಳಿಯಲ್ಲ. ಆ ಒಂದು ಒಡೆದರೆ ವರ್ಷವೇ ಹೋಯಿತು.

ಅದಕ್ಕೇ ಒಂದು ಉಪಾಯ ಮಾಡುತ್ತಿದ್ದರು. ಜೋಡಿ ಸರಿಯಿಲ್ಲ ಅನಿಸಿದರೆ ಗೂಡಿನಿಂದ ನಿಜವಾದ ಮೊಟ್ಟೆ ತೆಗೆದು ಕಾವುಪೆಟ್ಟಿಗೆಗೆ ಹಾಕುವುದು, ಗೂಡಿನಲ್ಲಿ ಮರದ ಮೊಟ್ಟೆ ಇಡುವುದು. ಹಕ್ಕಿಗಳು ಪಾಪ ಮರದ ಮೊಟ್ಟೆಗೇ ಕಾವು ಕೊಡುತ್ತ ಕೂರುತ್ತವೆ. ಪೆಟ್ಟಿಗೆಯಲ್ಲಿ ಮರಿ ಹೊರಬಂದ ಮೇಲೆ ನೋಡಿಕೊಂಡು ಅವಕ್ಕೋ ಬೇರೆ ಜೋಡಿಗೋ ಕೊಡುವುದು. ಆ ಮರದ ಮೊಟ್ಟೆಗಳನ್ನು ಕಡೆದವನು ನಾನು. ಅದಕ್ಕೇ ಇಲ್ಲಿ ನನ್ನ ಹೆಸರು ಯಾರಿಗೂ ನೆನಪಿಲ್ಲ, ಎಲ್ಲರಿಗೂ ನಾನು ಮೊಟ್ಟೆ ಮೇಸ್ತ್ರಿ. ನಮ್ಮ ಭಾವ ಮೊದಲ ಸಲ ಕೇಳಿದಾಗ ಬಿದ್ದು ಬಿದ್ದು ನಕ್ಕಿದ್ದರು: "ಏನಯ್ಯಾ, ಮರದ ಮೊಟ್ಟೆ ಕೆತ್ತೋಕೂ ಸರ್ಕಾರ ಸಂಬಳ ಕೊಡುತ್ತಾ?"

ನಗುವ ಕೆಲಸವಲ್ಲ ಸ್ವಾಮಿ ಅದು. ಚೂಪು ಜಾಸ್ತಿಯಾದರೆ ಹಕ್ಕಿ ಕೊಕ್ಕಿನಿಂದ ತಳ್ಳಿಬಿಡುತ್ತದೆ. ಹಗುರವಾದರೆ ಕೂರುವುದಿಲ್ಲ. ಒಳಗೆ ಕೊರೆದು ಸೀಸದ ಗುಂಡು ತುಂಬಿ, ಮುಚ್ಚಿ, ಉಜ್ಜಿ, ಸುಣ್ಣ ಬಳಿದು, ಮತ್ತೆ ಉಜ್ಜಿ, ನಿಜವಾದ ಮೊಟ್ಟೆಯ ಜೊತೆ ತಕ್ಕಡಿಯಲ್ಲಿಟ್ಟು ನೋಡಬೇಕು. ನನ್ನ ಮೊಟ್ಟೆಯನ್ನೂ ಹಕ್ಕಿಯ ಮೊಟ್ಟೆಯನ್ನೂ ಪಕ್ಕಪಕ್ಕ ಇಟ್ಟರೆ ಯಾರಿಗೂ ಗುರುತು ಸಿಗುತ್ತಿರಲಿಲ್ಲ. ಇದು ಜಂಬವಲ್ಲ. ಸರಿ, ಸ್ವಲ್ಪ ಜಂಬವೇ.

ಈಗ ಆ ಜೋಡಿಯ ಕಥೆ. ಹೆಣ್ಣಿಗೆ ನಾವು ಜಗಳಗಂಟಿ ಅನ್ನುತ್ತಿದ್ದೆವು, ಗಂಡಿಗೆ ಮೌನಿ. ಅವುಗಳ ಸಂಸಾರ ನೋಡಿದವರಿಗೆ ಹೆಸರು ಯಾಕೆ ಬಂತೆಂದು ಹೇಳಬೇಕಾಗಿಲ್ಲ. ಎರಡು ವರ್ಷ ಸಾಲಾಗಿ ಅವು ಮೊಟ್ಟೆ ಒಡೆದವು. ಕಾವು ಕೂರುವ ಪಾಳಿ ಬದಲಾಗುವಾಗ ಎರಡಕ್ಕೂ ತಳ್ಳಾಟ, ಆ ತಳ್ಳಾಟದಲ್ಲಿ ಮೊಟ್ಟೆ ಉರುಳಿ ಕೆಳಗೆ ಬೀಳುತ್ತಿತ್ತು. ಆಗ ನಮಗೆ ನಿರ್ದೇಶಕರಾಗಿದ್ದವರು ದೊಡ್ಡ ಸಾಹೇಬರು. ಶಿಸ್ತಿನ ಮನುಷ್ಯ, ತಪ್ಪನ್ನು ಹುಡುಕುವುದರಲ್ಲಿ ಎತ್ತಿದ ಕೈ. ಮೂರನೇ ವರ್ಷ ಮೊಟ್ಟೆ ಬಂದಾಗ ಪಂಜರದ ಮುಂದೆ ನಿಂತು ಹೇಳಿದರು: "ಮರಿ ಸಾಕೋ ಯೋಗ್ಯತೆ ಇಲ್ಲ ಇವಕ್ಕೆ. ಮೊಟ್ಟೆ ತೆಗೀರಿ. ಈ ಸಲ ಆದ್ಮೇಲೆ ಜೋಡೀನೂ ಬೇರೆ ಮಾಡ್ಬಿಡಿ."

ನನಗೆ ಆ ಮಾತು ಕೇಳಿ ಮೈ ಉರಿಯಿತು. ಯಾಕೆಂದರೆ, ಹಿಂದಿನ ವಾರವಷ್ಟೇ ಅದೇ ಮಾತನ್ನು ನನ್ನ ಅಡುಗೆಮನೆಯಲ್ಲಿ ನಿಂತು ನನ್ನ ಅಕ್ಕ ಹೇಳಿದ್ದಳು.

ಈಗ ನೋಡಿ, ನನ್ನಾಕೆ ತಲೆ ತಗ್ಗಿಸಿಬಿಟ್ಟಳು. ತಗ್ಗಿಸಬೇಡ ಕಣೇ. ನಾವು ಮಾಡಬಾರದ್ದೇನೂ ಮಾಡಿಲ್ಲ.

ನಮಗೆ ಮೊದಲು ಹುಟ್ಟಿದ ಗಂಡುಮಗು ಹನ್ನೊಂದು ದಿನ ಇತ್ತು. ಹೃದಯದಲ್ಲಿ ರಂಧ್ರ ಅಂದರು ಆಸ್ಪತ್ರೆಯವರು. ಆದರೆ ನೆಂಟರಿಷ್ಟರಿಗೆ ರಂಧ್ರ ಕಾಣಿಸಲಿಲ್ಲ, ನಾವು ಕಾಣಿಸಿದೆವು. ಮಗು ಎತ್ತಿಕೊಂಡಿದ್ದು ಸರಿಯಿಲ್ಲ, ಮಲಗಿಸಿದ್ದು ಸರಿಯಿಲ್ಲ, ಇವರ ಕೈಗುಣವೇ ಸರಿಯಿಲ್ಲ. ಮೂರು ವರ್ಷದ ನಂತರ ಮಗಳು ಹುಟ್ಟಿದಾಗ ಅಕ್ಕ ಬಂದು, "ಸ್ವಲ್ಪ ಗಟ್ಟಿಯಾಗೋವರೆಗೂ ನನ್ನ ಹತ್ರ ಇರ್ಲಿ ಕಣೋ" ಎಂದು ಒಂದು ತಿಂಗಳ ಕೂಸನ್ನು ಎತ್ತಿಕೊಂಡು ಹೋದಳು. ಅಕ್ಕ ಕೆಟ್ಟವಳಲ್ಲ. ನಮಗೇ ಹೆದರಿಕೆ ಇತ್ತು, ಕೊಟ್ಟುಬಿಟ್ಟೆವು. ಗಟ್ಟಿಯಾಗುವುದು ಅಂದರೆ ಎಷ್ಟು ದಿನ? ಆರು ತಿಂಗಳು ಅಂದಳು, ಹಲ್ಲು ಬರಲಿ ಅಂದಳು, ಮಾತು ಬರಲಿ ಅಂದಳು. ಮಗುವಿಗೆ ನಾಲ್ಕು ತುಂಬಿತು. ನಾವು ಭಾನುವಾರಕ್ಕೊಮ್ಮೆ ಬಿಸ್ಕತ್ತಿನ ಪೊಟ್ಟಣ ಹಿಡಿದು ಹೋಗುವ ನೆಂಟರಾದೆವು. ಆ ವಾರ ನನ್ನಾಕೆ ಧೈರ್ಯ ಮಾಡಿ, "ಅತ್ತಿಗೆ, ಇನ್ನು ಮಗೂನ ಕಳಿಸಿಕೊಡಿ" ಅಂದಾಗ ಅಕ್ಕ ಅಂದದ್ದು: "ಸಾಕೋ ಯೋಗ್ಯತೆ ಬೇಡ್ವೇನೇ? ಒಂದನ್ನ ಕಳ್ಕೊಂಡಿದ್ದು ಸಾಲ್ದಾ?" ಅವತ್ತಿನಿಂದ ನನ್ನ ಮನೆಯಲ್ಲಿ ತಟ್ಟೆ ಇಡುವ ಸದ್ದು, ಲೋಟ ಇಡುವ ಸದ್ದು, ಅಷ್ಟೇ.

ಕ್ಷಮಿಸಬೇಕು, ಎಲ್ಲಿಗೋ ಹೋಗಿಬಿಟ್ಟೆ. ರಣಹದ್ದಿನ ವಿಷಯಕ್ಕೆ ಬರುತ್ತೇನೆ.

ಮೊಟ್ಟೆ ಬದಲಿಸುವ ದಿನ ಏಣಿ ಹತ್ತಿದ್ದು ಇಬ್ಬರು. ಒಬ್ಬರು ಮೇಡಂ, ಆಗಿನ್ನೂ ಕೆಲಸಕ್ಕೆ ಸೇರಿ ಎಂಟು ತಿಂಗಳಾಗಿದ್ದ ಚಿಕ್ಕ ಡಾಕ್ಟರ್. ಇನ್ನೊಬ್ಬ ನಾನು. ನಮ್ಮ ಪಂಜರದ ಕೆಲಸದವರು ಹಲಗೆ ಅಡ್ಡ ಹಿಡಿದು ಹಕ್ಕಿಗಳನ್ನು ತಡೆದಿದ್ದರು. ಮೇಡಂ ಕೈಗೆ ಮೊಣಕೈವರೆಗೆ ದಪ್ಪ ಚರ್ಮದ ಕೈಗವಸು, ಕಣ್ಣು ಪೂರ್ತಿ ಜಗಳಗಂಟಿಯ ಕೊಕ್ಕಿನ ಮೇಲೆ. ಅವರು ಗೂಡಿನಿಂದ ಮೊಟ್ಟೆ ತೆಗೆದು ನನ್ನ ಕೈಗೆ ಕೊಟ್ಟರು. ನಾನು ಅದನ್ನು ಪೆಟ್ಟಿಗೆಯ ಹತ್ತಿಯಲ್ಲಿಟ್ಟು ಮರದ ಮೊಟ್ಟೆ ಕೊಡಬೇಕು, ಅವರು ಅದನ್ನು ಗೂಡಿನಲ್ಲಿಡಬೇಕು. ಎಲ್ಲ ಅರ್ಧ ನಿಮಿಷದ ಕೆಲಸ. ಇಳಿದೆವು, ಪೆಟ್ಟಿಗೆ ಮುಚ್ಚಿ ಕಾವುಕೋಣೆಗೆ ಒಯ್ದೆವು. ಮೊಟ್ಟೆಯ ತೂಕ ದಿನದಿನಕ್ಕೆ ಸ್ವಲ್ಪ ಸ್ವಲ್ಪ ಇಳಿಯಬೇಕು, ಇಳಿಯಿತು. ದೊಡ್ಡ ಸಾಹೇಬರು ಹಾಳೆ ನೋಡಿ "ಭೇಷ್" ಅಂದು ಯಾವುದೋ ಸಮ್ಮೇಳನಕ್ಕೆ ಹೊರಟುಹೋದರು.

ಹನ್ನೆರಡನೆಯ ದಿನ ಮೇಡಂ ಕತ್ತಲೆ ಕೋಣೆಯಲ್ಲಿ ಮೊಟ್ಟೆಯ ಹಿಂದೆ ದೀಪ ಹಿಡಿದು ನೋಡಿದರು. ಒಳಗೆ ಮರಿಯ ರಕ್ತನಾಳ ಕಾಣಬೇಕು. ಕಂಡದ್ದು ಕಗ್ಗತ್ತಲು. ತಿರುಗಿಸಿ ನೋಡಿದರೆ ಸುಣ್ಣದ ಮೇಲೆ ಕೂದಲೆಳೆಯಷ್ಟು ಬಿರುಕು. ಕಾವಿನ ಬಿಸಿಗೆ ಹಸಿ ಮರ ಒಣಗಿ ಬಿರಿದಿತ್ತು, ತೂಕ ಇಳಿದದ್ದೂ ಅದಕ್ಕೇ. ನನ್ನ ಕೆಲಸದ ಕೊಟ್ಟಿಗೆಗೆ ಓಡಿಬಂದರು, ಮುಖ ಬಿಳಿಚಿಕೊಂಡಿತ್ತು. "ಮೇಸ್ತ್ರಿ, ಇದು ನಿಮ್ದು" ಅಂದರು. ನಾನು ಹೌದು ಅಂದೆ. "ಅಯ್ಯೋ, ಹಾಗಾದ್ರೆ ನಿಜವಾದ್ದನ್ನೇ ಗೂಡಲ್ಲಿ ಇಟ್ಬಿಟ್ಟಿದೀನಿ. ನೋಡ್ದೇನೇ ಇಟ್ಬಿಟ್ಟೆ. ನೀವು ಮಾಡಿದ ಮೊಟ್ಟೆ, ನಿಮಗಂತೂ ಗುರುತು ತಪ್ಪಲ್ಲ. ನಾನೇ ನಿಮ್ಮ ಯಾವ ಕೈಯಿಂದ ತಗೋಬೇಕಿತ್ತೋ ಅದರಿಂದ ತಗೊಳ್ಲಿಲ್ಲ."

ಕೇಳಿದಿರಾ? ನಾನು ಬಾಯಿ ತೆರೆಯುವ ಮೊದಲೇ ನನ್ನನ್ನು ಬಿಟ್ಟುಬಿಟ್ಟರು, ನನ್ನ ಕೆಲಸದ ಮೇಲೆ ಅಷ್ಟು ನಂಬಿಕೆ ಇಟ್ಟು.

ಈಗಲೇ ಹೋಗಿ ಬದಲಿಸೋಣ ಎಂದರು. ನಾನು ಬೇಡ ಅಂದೆ. "ಹನ್ನೆರಡು ದಿನ ಕೂತಿದಾವೆ ಡಾಕ್ಟರಮ್ಮಾ, ಒಡೆದಿಲ್ಲ. ಇನ್ನು ಎಬ್ಬಿಸಬೇಡಿ. ಒಂದು ಅವಕಾಶ ಕೊಡಿ" ಎಂದು ಗೋಗರೆದೆ. ಅವರು ಗೂಡಿನ ಕ್ಯಾಮೆರಾದ ಮುಂದೆ ಒಂದಿಡೀ ದಿನ ಕುಳಿತು ನೋಡಿದರು. ಜಗಳಗಂಟಿ ಎದ್ದಳು, ಮೌನಿ ಕುಳಿತ, ಮೊಟ್ಟೆ ಅಲ್ಲಾಡಲಿಲ್ಲ. ಮಾರನೆಯ ದಿನ ಮೇಡಂ ತಾವೇ ದೊಡ್ಡ ಸಾಹೇಬರಿಗೆ ಪತ್ರ ಬರೆದರು: ತಪ್ಪು ನನ್ನದು, ಮೊಟ್ಟೆಯನ್ನು ಗೂಡಿನಲ್ಲೇ ಬಿಡುವ ತೀರ್ಮಾನವೂ ನನ್ನದು. ಸಾಹೇಬರು ಬಂದು ಕೂಗಾಡಿದ್ದು ಗೇಟಿನವರೆಗೆ ಕೇಳಿಸಿತು. ಮೇಡಂಗೆ ಮೆಮೊ ಬಂತು. ಆ ವರ್ಷ ಅವರು ತರಬೇತಿಗೆ ಹೊರದೇಶಕ್ಕೆ ಹೋಗಬೇಕಿತ್ತು, ಬೇರೆಯವರು ಹೋದರು. ಬಡ್ತಿ ಎರಡು ವರ್ಷ ತಡವಾಯಿತು. ಒಂದು ಸಲವೂ ಗೊಣಗಲಿಲ್ಲ ಮಹಾತಾಯಿ.

ಐವತ್ತನಾಲ್ಕನೆಯ ದಿನ ಬೆಳಗ್ಗೆ ಮೌನಿ ಎದ್ದು ನಿಂತು ಕೆಳಗೆ ಬಗ್ಗಿ ನೋಡುತ್ತಿದ್ದ. ಅವನ ಕಾಲ ಹತ್ತಿರ ಬೂದು ಹತ್ತಿಯ ಉಂಡೆಯೊಂದು ತಲೆ ಎತ್ತಲಾರದೆ ಎತ್ತುತ್ತಿತ್ತು. ಕ್ಯಾಮೆರಾ ಕೋಣೆಯಲ್ಲಿ ನಾವು ಹತ್ತು ಜನ ಒಬ್ಬರನ್ನೊಬ್ಬರು ಅಪ್ಪಿಕೊಂಡು ಅತ್ತೆವು. ದೊಡ್ಡ ಸಾಹೇಬರೂ ಕನ್ನಡಕ ಒರೆಸಿಕೊಂಡರು, ಧೂಳು ಅಂದರು. ಅಂದಿನಿಂದ ಇಲ್ಲಿ ಪದ್ಧತಿಯೇ ಬದಲಾಯಿತು. ಎಂಥ ಜೋಡಿಯಾದರೂ ಮೊದಲು ಕಾವು ಕೂರಲು ಅವಕಾಶ ಕೊಡಿ, ಆಮೇಲೆ ಹಕ್ಕಿಯನ್ನು ದೂರಿ ಎಂದು ಮೇಡಂ ನಿರ್ದೇಶಕರಾದ ಮೇಲೆ ನಿಯಮವನ್ನೇ ಮಾಡಿದರು.

ಇದಿಷ್ಟು ನಿಮಗೆಲ್ಲ ಗೊತ್ತಿರುವ ಕಥೆ. ಗೊತ್ತಿಲ್ಲದ್ದು ಇನ್ನು ಮುಂದಿನದು. ಒಂದು ಗುಟುಕು ನೀರು ಕುಡಿಯುತ್ತೇನೆ.

ಮೇಡಂ, ಮೊಟ್ಟೆ ಯಾಕೆ ಉರುಳುತ್ತಿತ್ತು ಎಂದು ನೀವು ಎಷ್ಟೋ ಸಲ ಕೇಳಿದ್ದೀರಿ. ಗೂಡಿನ ಹಲಗೆ ಇಳಿಜಾರಾಗಿತ್ತು. ಒಂದು ಗೇಣು ಕಿರಿದಾಗಿತ್ತು, ಅಂಚಿಗೆ ತಡೆ ಇರಲಿಲ್ಲ. ಆ ಹಲಗೆ ಹೊಡೆದವನು ನಾನು. ಎರಡು ದೊಡ್ಡ ಹಕ್ಕಿಗಳು ಒಟ್ಟಿಗೆ ನಿಲ್ಲುತ್ತವೆ ಎಂಬ ಲೆಕ್ಕವೇ ಹಾಕದೆ ಅವಸರದಲ್ಲಿ ಅಳತೆ ತೆಗೆದಿದ್ದೆ. ಅಳತೆ ತಪ್ಪಿದ್ದು ನಾನು, ಹೆಸರು ಕೆಟ್ಟದ್ದು ಜಗಳಗಂಟಿಯದು. ಎರಡು ಮೊಟ್ಟೆ ಹೋದ ಮೇಲೆ ನನಗೆ ಹೊಳೆಯಿತು. ಹೇಳಲು ಹೆದರಿದೆ. ಮೂರನೇ ಮೊಟ್ಟೆಗೆ ಮೊದಲು, ಪಂಜರದ ದುರಸ್ತಿ ಎಂದು ಹೇಳಿ ಒಳಗೆ ಹೋಗಿ, ಹಲಗೆ ಸಮ ಮಾಡಿ, ಅಗಲಿಸಿ, ಸುತ್ತ ಅಂಚು ಕಟ್ಟಿ ಬಂದೆ. ಈಗ ಸರಿಹೋಗುತ್ತದೆ ಎಂದು ನೆಮ್ಮದಿಯಾಗಿದ್ದೆ. ಅಷ್ಟರಲ್ಲಿ ಸಾಹೇಬರು ಯೋಗ್ಯತೆ ಇಲ್ಲ ಅಂದರು, ಮೊಟ್ಟೆ ತೆಗೆಯಿರಿ ಅಂದರು.

ಆ ದಿನ ಏಣಿಯ ಮೇಲೆ ನನ್ನ ಬಲಗೈಯಲ್ಲಿ ನಿಮ್ಮಿಂದ ಬಂದ ಮೊಟ್ಟೆ, ಎಡಗೈಯಲ್ಲಿ ನನ್ನ ಮೊಟ್ಟೆ. ಬಲಗೈಯದು ಬೆಚ್ಚಗಿತ್ತು. ನನಗೆ ಕೈಗವಸು ಇರಲಿಲ್ಲ, ಆ ಬಿಸಿ ಈಗಲೂ ನೆನಪಿದೆ. ಹಲಗೆಯ ಆಚೆ ಜಗಳಗಂಟಿ ರೆಕ್ಕೆ ಬಿಚ್ಚಿ ನಿಂತಿದ್ದಳು. ನನಗೆ ಅವಳು ಕಾಣಿಸಲಿಲ್ಲ ಮೇಡಂ. ನನ್ನ ಅಡುಗೆಮನೆ ಕಾಣಿಸಿತು. ಅಲ್ಲಿ ಬಾಗಿಲಿಗೆ ಒರಗಿ ನಿಂತಿದ್ದ ನನ್ನಾಕೆ ಕಾಣಿಸಿದಳು.

ನೀವು ಕೈ ಚಾಚಿದಿರಿ. ನಾನು ಬಲಗೈಯದನ್ನೇ ಕೊಟ್ಟೆ.

ಗೊತ್ತಿದ್ದೂ ಕೊಟ್ಟೆ. ನೀವು ಯಾವ ತಪ್ಪನ್ನೂ ಮಾಡಲಿಲ್ಲ. ನೀವು ನಂಬಿದಿರಿ, ಅಷ್ಟೇ. ಆ ಮೆಮೊ ನನಗೆ ಬರಬೇಕಾದದ್ದು. ಬಾಯಿಬಿಟ್ಟರೆ ಕೆಲಸ ಹೋಗುತ್ತದೆ, ಕೆಲಸ ಹೋದರೆ ಅಕ್ಕ ಮಗುವನ್ನು ಕೊಡುವುದೇ ಇಲ್ಲ ಎಂದು ಬಾಯಿ ಹೊಲಿದುಕೊಂಡೆ. ಆಮೇಲೆ ನೀವು ನಿರ್ದೇಶಕರಾದಿರಿ, ಆ ತಪ್ಪನ್ನೇ ಹೆಮ್ಮೆಯಿಂದ ಹೇಳತೊಡಗಿದಿರಿ, ಆಗ ನಾಚಿಕೆಯಿಂದ ಹೇಳಲಾಗಲಿಲ್ಲ. ನಿಮ್ಮ ಎರಡು ವರ್ಷವನ್ನು ನಾನು ತಿಂದುಹಾಕಿದೆ. ಇಷ್ಟು ಜನರ ಮುಂದೆ ಕೈ ಮುಗಿದು ಕೇಳುತ್ತೇನೆ, ಕ್ಷಮಿಸಿ.

ಇಲ್ಲ ಮೇಡಂ, ಕೂತುಕೊಳ್ಳಿ, ದಯವಿಟ್ಟು ಕೂತುಕೊಳ್ಳಿ. ಇನ್ನೆರಡೇ ಮಾತು.

ಮರಿ ಬಂದ ಭಾನುವಾರ ನಾನೂ ನನ್ನಾಕೆಯೂ ಬಿಸ್ಕತ್ತಿನ ಪೊಟ್ಟಣ ಇಲ್ಲದೆ ಅಕ್ಕನ ಮನೆಗೆ ಹೋದೆವು. ನಾನು ಬಾಗಿಲಲ್ಲೇ ನಿಂತು ಹೇಳಿದೆ: "ಅಕ್ಕಾ, ನಿನ್ನ ಋಣ ತೀರಿಸೋಕಾಗಲ್ಲ. ಆದ್ರೆ ಇವತ್ತು ನಮ್ಮ ಮಗೂನ ನಾವು ಕರ್ಕೊಂಡೇ ಹೋಗೋದು." ಅಕ್ಕ ಬೈದಳು, ಅತ್ತಳು, ಕೊನೆಗೆ ತಾನೇ ಬಟ್ಟೆ ಮಡಿಸಿ ಚೀಲಕ್ಕೆ ತುಂಬಿಕೊಟ್ಟಳು. ಆ ಹಕ್ಕಿಮರಿ ಹುಟ್ಟಿದ ಗಳಿಗೆಯಿಂದ ತಾಯಿಯ ಕೊಕ್ಕಿಗೆ ಬಾಯಿ ಕೊಟ್ಟಿತು. ನಮ್ಮದು ಹಾಗಾಗಲಿಲ್ಲ. ನೀರು ಬೇಕಾದರೆ ನನ್ನ ಹತ್ತಿರ ಬಂದು, "ಅವರಿಗೆ ಹೇಳಿ, ನನಗೆ ನೀರು ಬೇಕು ಅಂತ" ಅನ್ನುತ್ತಿದ್ದಳು. ಪಕ್ಕದಲ್ಲೇ ನಿಂತಿದ್ದ ತಾಯಿ ಕಣ್ಣು ಒರೆಸಿಕೊಂಡು ನೀರು ಕೊಡುತ್ತಿದ್ದಳು. ಹೀಗೆ ಹನ್ನೊಂದು ತಿಂಗಳು. ಒಂದು ದಿನ ನಾನು ಹಲ್ಲುಜ್ಜುತ್ತಿದ್ದೆ, ಒಳಗಿನಿಂದ ಕೂಗು ಬಂತು: "ಅಮ್ಮಾ, ನನ್ನ ಚಪ್ಪಲಿ ಎಲ್ಲೇ?" ಚಪ್ಪಲಿ ಕಾಲಿನಲ್ಲೇ ಇತ್ತು. ಆದರೂ ಅವಳಮ್ಮ ಅರ್ಧ ಗಂಟೆ ಮನೆಯೆಲ್ಲ ಹುಡುಕಿದಳು.

ಆ ಹುಡುಗಿ ಇವತ್ತು ಅವಳಮ್ಮನ ಎಡಕ್ಕೆ ಕುಳಿತಿದ್ದಾಳೆ. ಬಲಕ್ಕೆ ನನ್ನ ಅಕ್ಕ. ಮೂವರೂ ಒಂದೇ ಕರವಸ್ತ್ರ ಹಂಚಿಕೊಳ್ಳುತ್ತಿದ್ದಾರೆ, ನೋಡಿ.

ಇನ್ನು ಆ ಹಕ್ಕಿಮರಿ. ಕಾಲಿನ ಬಳೆಯಲ್ಲಿ ಅದರ ಸಂಖ್ಯೆ ಅರವತ್ತೇಳು. ಆರು ವರ್ಷದ ಹಿಂದೆ ಅದನ್ನು ಹೊರಗೆ ಬಿಟ್ಟೆವು. ಹೋದ ತಿಂಗಳು ನಮ್ಮ ಕ್ಷೇತ್ರ ಸಹಾಯಕರು ದೂರದರ್ಶಕದಲ್ಲಿ ನೋಡಿ ಬಂದು ಹೇಳಿದರು: ಎತ್ತರದ ಮರವೊಂದರ ತುದಿಯಲ್ಲಿ ಅರವತ್ತೇಳು ಕುಳಿತಿದೆ, ಅದರ ಪಕ್ಕದಲ್ಲಿ ಬೂದು ಹತ್ತಿಯ ಉಂಡೆಯೊಂದಿದೆ. ಆ ಗೂಡಿಗೆ ನಾನು ಹಲಗೆ ಹೊಡೆದಿಲ್ಲ, ಅದಕ್ಕೇ ಚೆನ್ನಾಗಿದೆ.

ನನ್ನನ್ನು ಇಷ್ಟು ವರ್ಷ ಸಹಿಸಿಕೊಂಡ ಎಲ್ಲರಿಗೂ, ಭಾಷಣ ಬರೆದುಕೊಟ್ಟು ಈಗ ತಲೆ ಮೇಲೆ ಕೈ ಹೊತ್ತು ಕುಳಿತಿರುವ ಗುಮಾಸ್ತರಿಗೂ, ಬೈದು ಬುದ್ಧಿ ಹೇಳಿದ ದೊಡ್ಡ ಸಾಹೇಬರು ಎಲ್ಲಿದ್ದರೂ ಅವರಿಗೂ ನನ್ನ ವಂದನೆಗಳು. ಮೆಮೊ ಕೊಡುವುದಿದ್ದರೆ ಐದು ಗಂಟೆಯೊಳಗೆ ಕೊಡಿ, ಆಮೇಲೆ ನಾನು ನಿಮ್ಮ ನೌಕರನಲ್ಲ.

ಕೊನೆಯದಾಗಿ, ನನ್ನ ಜೇಬಿನಲ್ಲಿ ಆ ಬಿರುಕುಬಿಟ್ಟ ಮರದ ಮೊಟ್ಟೆ ಇದೆ. ಹದಿನೇಳು ವರ್ಷ ಉಪಕರಣದ ಪೆಟ್ಟಿಗೆಯ ತಳದಲ್ಲಿ ಬಚ್ಚಿಟ್ಟಿದ್ದೆ. ಮೇಡಂ, ಇದು ನಿಮಗೆ ಸೇರಬೇಕಾದದ್ದು. ಕೈ ಚಾಚಿ. ಈ ಸಲ ಕೈಗವಸಿಲ್ಲ, ಹಕ್ಕಿಯ ಭಯವಿಲ್ಲ. ನಾನು ಏನು ಕೊಡುತ್ತಿದ್ದೇನೆ ಎಂದು ಚೆನ್ನಾಗಿ ನೋಡಿ ತೆಗೆದುಕೊಳ್ಳಿ.

ಎಲ್ಲರಿಗೂ ನಮಸ್ಕಾರ.